ಕಾಳುಮೆಣಸಿನ ರಾಣಿಯೂ ಕೊಪ್ಪದ ಗೌಡನೂ

ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿ, ಶರಾವತಿಯ ದಂಡೆಯ ಕಾಡಿನೊಳಗೆ, ಕರಿಕಲ್ಲಿನ ಚತುರ್ಮುಖ ಬಸದಿಯಿದೆ. ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಕಡೆಯಿಂದ ಒಳಹೊಕ್ಕರೂ ಎದುರಿಗೆ ತೀರ್ಥಂಕರನೇ. ಬಸದಿಯ ಸುತ್ತ ಒಂದು ಕಾಲಕ್ಕೆ ರಾಜಧಾನಿಯೇ ಇತ್ತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಈ ದಾರಿಯಲ್ಲಿ ಹೋದಾಗ ಅರಮನೆ ಆಗಲೇ ಬಿದ್ದುಹೋಗಿತ್ತು, ಗಿಡಮರ ಬೆಳೆದಿದ್ದವು. ಇಲ್ಲಿ ಬೆಳೆಯುವ ಮೆಣಸಿನಿಂದಾಗಿ ಪೋರ್ಚುಗೀಸರು ಇಲ್ಲಿನ ರಾಣಿಯನ್ನು 'ಮೆಣಸಿನ ರಾಣಿ' ಎನ್ನುತ್ತಿದ್ದರೆಂದು ಆತ ಬರೆದಿಟ್ಟಿದ್ದಾನೆ.

ಆ ರಾಣಿ ಚೆನ್ನಭೈರಾದೇವಿ. 1552ರಿಂದ 1606ರವರೆಗೆ, ಅಂದರೆ ಅರ್ಧ ಶತಮಾನಕ್ಕೂ ಮೀರಿ, ಆಳಿದವಳು. ಭಟ್ಕಳದ ಬಳಿಯ ಹಾಡುವಳ್ಳಿಯಲ್ಲೂ ಗೇರುಸೊಪ್ಪೆಯಲ್ಲೂ ಇದ್ದ ಜೈನ ಸಾಳುವ ಮನೆತನಗಳಲ್ಲಿ ಅಳಿಯಸಂತಾನ ನಡೆಯುತ್ತಿತ್ತು: ಪಟ್ಟ ಹೋಗುವುದು ಹೆಣ್ಣಿನ ಕಡೆಯಿಂದ, ಮಾವನಿಂದ ಸೋದರಳಿಯನಿಗೆ. ಹೆಣ್ಣುಮಕ್ಕಳು ಇಲ್ಲಿ ಮತ್ತೆ ಮತ್ತೆ ಸಿಂಹಾಸನ ಏರಿದ್ದು ಆಕಸ್ಮಿಕವಲ್ಲ. ಈ ಅರಸುಗಳು ವಿಜಯನಗರದ ಮಹಾಮಂಡಳೇಶ್ವರರು. ಕಪ್ಪ ಕೊಡುತ್ತಿದ್ದರು, ಆದರೆ ಬಂದರು, ಸುಂಕ, ಮೆಣಸಿನ ವ್ಯಾಪಾರ ಇವರ ಕೈಯಲ್ಲೇ ಇತ್ತು. ಪೋರ್ಚುಗೀಸರಿಗೆ ಕೊಡಬೇಕಿದ್ದ ಕಪ್ಪದ ವಿಷಯದಲ್ಲಿ ತಕರಾರಾಗಿ 1542ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ತಿಂ ಅಫೊನ್ಸೊ ದೆ ಸೋಜಾ ಭಟ್ಕಳವನ್ನು ಸುಟ್ಟುಹಾಕಿದ. ಕೊನೆಗೆ ಚೆನ್ನಭೈರಾದೇವಿಯ ರಾಜ್ಯವನ್ನು ಕಿತ್ತುಕೊಂಡವರು ಮಾತ್ರ ಪೋರ್ಚುಗೀಸರಲ್ಲ, ಘಟ್ಟದ ಮೇಲಿನ ಕೆಳದಿ ನಾಯಕರು.

ಅಧಿಕಾರ ಹೀಗೆ ಪದರ ಪದರವಾಗಿದ್ದುದು ಹೊಸತೇನಲ್ಲ. ಅದಕ್ಕೂ ಇನ್ನೂರು ವರ್ಷ ಹಿಂದೆ, 1340ರ ದಶಕದಲ್ಲಿ, ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಅಲ್ಲಿ ಜಮಾಲುದ್ದೀನ್ ಎಂಬ ಸುಲ್ತಾನನನ್ನು ಕಂಡ. ಸುಲ್ತಾನನ ಮೇಲೊಬ್ಬ ಹಿಂದೂ ಅರಸನಿದ್ದ. ಆ ಪುಟ್ಟ ಬಂದರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದೂ ಆತ ಲೆಕ್ಕ ಕೊಡುತ್ತಾನೆ.

ಆದರೆ ಅರಮನೆಯ ಕಥೆಯಷ್ಟನ್ನೇ ಹೇಳಿದರೆ ಈ ಕರಾವಳಿಗೆ ಅನ್ಯಾಯವಾಗುತ್ತದೆ. ಕುಮಟಾ, ಹೊನ್ನಾವರದ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಜಗಳ ಬಗೆಹರಿಸಿದ್ದು ರಾಜನ ಆಸ್ಥಾನವಲ್ಲ, ಊರಗೌಡನ ಅಂಗಳ. ಗೌಡನಿಗೆ ಜೊತೆಯಾಗಿ ಬುದವಂತ. ಕರೆ ಮುಟ್ಟಿಸಲು ಕೋಲಕಾರ. ಹಲವು ಊರುಗಳಿಗೆ ಸೇರಿದ ವಿಷಯವಾದರೆ ಸೀಮೆಗೌಡ. ಮದುವೆ, ಪಾಲು, ತಪ್ಪುದಂಡ ಎಲ್ಲವೂ ಹತ್ತು ಜನರ ಎದುರಿಗೇ ತೀರ್ಮಾನವಾಗಬೇಕು. ಮೇಲೆ ಸಾಳುವರು ಹೋಗಿ ಕೆಳದಿಯವರು ಬಂದರೂ ಅಂಗಳದ ನ್ಯಾಯ ನಿಲ್ಲಲಿಲ್ಲ.

ಮೇಲೆ ಅರಸ, ಕೆಳಗೆ ಊರವರ ನ್ಯಾಯ ಎಂಬ ಈ ಬಗೆಗೆ ಹತ್ತಿರದ ಚಿತ್ರ ದೂರದ ಆಫ್ರಿಕಾದಲ್ಲೂ, ಇಂದು ನೈಜೀರಿಯಾ ಎನಿಸಿಕೊಂಡ ನೆಲದಲ್ಲಿ, ಸಿಗುತ್ತದೆ. ಯೊರುಬರ ಓಯೊ ರಾಜ್ಯದಲ್ಲಿ ಅರಸ ಅಲಾಫಿನ್ ಮಿತಿ ಮೀರಿದರೆ ಓಯೊ ಮೆಸಿ ಎಂಬ ಏಳು ಮುಖಂಡರ ಮಂಡಲಿ ಅವನನ್ನು ತಿರಸ್ಕರಿಸಬಹುದಿತ್ತು. ಹೌಸರ ನಗರಗಳಲ್ಲಿ ದೊರೆಯ ಅಧಿಕಾರ ಬಿಗಿ. ಇಗ್ಬೊ ಊರುಗಳಲ್ಲಿ ಬಹುಪಾಲು ರಾಜನೇ ಇಲ್ಲ. ಹಿರಿಯರೂ ಊರವರೂ ಕೂಡಿ ತೀರ್ಮಾನಿಸುತ್ತಿದ್ದರು. ಬ್ರಿಟಿಷರು ಅಲ್ಲಿ ನೇಮಿಸಿದ 'ವಾರಂಟ್ ಮುಖ್ಯಸ್ಥ'ರನ್ನು ಜನ ಒಪ್ಪಲಿಲ್ಲ, 1929ರಲ್ಲಿ ಹೆಂಗಸರೇ ಬೀದಿಗಿಳಿದರು.

ನಮ್ಮ ಕರಾವಳಿಯೂ 1799ರಲ್ಲಿ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಥಾಮಸ್ ಮನ್ರೊ ಕಲೆಕ್ಟರಾಗಿ ಬಂದ. ಕಂದಾಯವೂ ಕಚೇರಿಯ ನ್ಯಾಯವೂ ಸರ್ಕಾರದ್ದಾದವು. ಗೌಡನ ಮಾತಿಗೆ ಕಾನೂನಿನ ಬಲ ಉಳಿಯಲಿಲ್ಲ. ಆದರೂ ಹಾಲಕ್ಕಿಗಳಲ್ಲಿ ಗೌಡ, ಬುದವಂತ, ಕೋಲಕಾರರ ಸ್ಥಾನ ಅಳಿದಿಲ್ಲ. ಮದುವೆಗೂ ಸುಗ್ಗಿ ಕುಣಿತಕ್ಕೂ ಅವರು ಬೇಕೇ ಬೇಕು.