ದೇಣಿಗೆಯ ರಸೀತಿಯೂ ವರ್ತಕರ ಎಚ್ಚರವೂ

ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರದ ಪೇಟೆಗಳಲ್ಲಿ ಅಂಗಡಿಗೆ ಬಂದ ದೇಣಿಗೆ ಪುಸ್ತಕವನ್ನು ಬರಿದೇ ಹಿಂದಿರುಗಿಸುವ ವಾಡಿಕೆಯಿಲ್ಲ. ಜಾತ್ರೆ, ಅನ್ನಸಂತರ್ಪಣೆ, ಶಾಲೆಯ ಕಟ್ಟಡ, ಬಡ ರೋಗಿಯ ಚಿಕಿತ್ಸೆ ಹೀಗೆ ಕಾರಣಗಳು ಹಲವು. ಊರಿನವರೇ ತಂದ ಪುಸ್ತಕವಾದರೆ ಮುಖಪರಿಚಯವೇ ಸಾಕ್ಷಿ. ತೊಡಕಿರುವುದು ದೂರದ ಅನಾಥಾಲಯ, ವೃದ್ಧಾಶ್ರಮಗಳ ಹೆಸರು ಹೇಳಿಕೊಂಡು ಬರುವ ಅಪರಿಚಿತರಲ್ಲಿ ಮತ್ತು ಮೊಬೈಲಿಗೆ ಬಂದು ಬೀಳುವ ಮನವಿಗಳಲ್ಲಿ.

2020ರ ಮಾರ್ಚ್ 28ರಂದು ಪಿಎಂ ಕೇರ್ಸ್ ನಿಧಿ ಘೋಷಣೆಯಾದ ಕೆಲವೇ ದಿನಗಳಲ್ಲಿ, ಅದರ ಯುಪಿಐ ವಿಳಾಸದಿಂದ ಕೊನೆಯ ‘ಎಸ್’ ಅಕ್ಷರವೊಂದನ್ನು ಕೈಬಿಟ್ಟ ನಕಲಿ ವಿಳಾಸವೊಂದು ಪತ್ತೆಯಾಯಿತು. ದೇಶದ ಪ್ರಧಾನಿಯ ಹೆಸರಿನ ನಿಧಿಗೇ ಹೀಗಾದಾಗ ಸಣ್ಣ ಸಂಸ್ಥೆಗಳ ಪಾಡೇನು? 2019ರ ಆಗಸ್ಟ್ ತಿಂಗಳಿನಲ್ಲಿ ಮಲೆನಾಡು ನೆರೆಗೆ ಸಿಲುಕಿದಂತಹ ಸಮಯದಲ್ಲಿ ಸಹಾಯ ಕೇಳುವವರನ್ನು ಪ್ರಶ್ನಿಸುವುದೇ ನಿರ್ದಯವೆನಿಸುತ್ತದೆ. ವಂಚಕನಿಗೆ ಬೇಕಾದದ್ದೂ ಅದೇ.

ಮುದ್ರಿತ ರಸೀತಿ, ಅದರ ಮೇಲೆ ನೋಂದಣಿ ಸಂಖ್ಯೆ, ಪ್ಯಾನ್, ಮೊಹರು ಇಷ್ಟಿದ್ದರೆ ವರ್ತಕರು ಸಾಮಾನ್ಯವಾಗಿ ನಂಬುತ್ತಾರೆ. ಆದರೆ ನಿಜವಾದ ಸಂಸ್ಥೆಯ ಸಂಖ್ಯೆಗಳನ್ನೇ ನಕಲು ಮಾಡಿ ಮುದ್ರಿಸಲು ಅಡ್ಡಿಯೇನೂ ಇಲ್ಲ. ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಆ ಸಂಖ್ಯೆಯನ್ನು ಪರಿಶೀಲಿಸಿದರೆ ಸಂಸ್ಥೆ ಇದೆಯೆಂಬುದು ದೃಢಪಡುತ್ತದೆಯೇ ಹೊರತು, ಎದುರಿಗೆ ನಿಂತವನು ಅದರ ಪ್ರತಿನಿಧಿಯೆಂಬುದಲ್ಲ. ಈ ವ್ಯತ್ಯಾಸವನ್ನು ಲೆಕ್ಕಪತ್ರ ಬಲ್ಲವರೂ ಮರೆಯುವುದುಂಟು. ರಸೀತಿಯಲ್ಲಿರುವ ದೂರವಾಣಿಗೆ ಕರೆಮಾಡಿದರೆ ಉತ್ತರಿಸುವವನೂ ಅವನ ಕಡೆಯವನೇ ಆಗಿರಬಹುದು. ಹೊಸ ಗಿರಾಕಿಗೆ ಸಾಲದ ಮೇಲೆ ಸರಕು ಕೊಡುವ ಮುನ್ನ ಅವನನ್ನೇ ಕೇಳದೆ ಬೇರೆ ಮಂಡಿಯಲ್ಲಿ ವಿಚಾರಿಸುವಂತೆ, ಸಂಸ್ಥೆಯ ಸಂಪರ್ಕವನ್ನು ಬೇರೆ ಮೂಲದಿಂದ ಪಡೆದೇ ವಿಚಾರಿಸಬೇಕು.

ಇದಕ್ಕಿಂತ ಸುಲಭವಾದ ಪರೀಕ್ಷೆಯೆಂದರೆ ಸಂಸ್ಥೆಯ ಪೂರ್ಣ ಹೆಸರಿಗೆ ಬರೆದು, ಎರಡು ಗೆರೆ ಎಳೆದು, ‘ಖಾತೆದಾರರಿಗೆ ಮಾತ್ರ’ ಎಂದು ನಮೂದಿಸಿದ ಚೆಕ್ಕು. ಪ್ರಾಮಾಣಿಕನು ಅದನ್ನು ಸಂತೋಷದಿಂದ ಒಯ್ಯುತ್ತಾನೆ. ಉಳಿದವನಿಗೆ ನಗದೇ ಬೇಕು, ಅದೂ ಈಗಲೇ ಬೇಕು. ಕ್ಯೂಆರ್ ಮೂಲಕ ಪಾವತಿಸುವಾಗ ಪರದೆಯ ಮೇಲೆ ವ್ಯಕ್ತಿಯೊಬ್ಬನ ಹೆಸರು ಕಂಡರೆ ಅಲ್ಲಿಗೇ ನಿಲ್ಲಿಸತಕ್ಕದ್ದು.

‘80ಜಿ’ ಎಂದೇ ವರ್ತಕರಲ್ಲಿ ಪರಿಚಿತವಾದ ತೆರಿಗೆ ರಿಯಾಯಿತಿಯ ಆಸೆ ತೋರಿಸುವುದೂ ಉಂಟು. 2017–18ರ ಆರ್ಥಿಕ ವರ್ಷದಿಂದ 2,000 ರೂಪಾಯಿಗೆ ಮೀರಿದ ನಗದು ದೇಣಿಗೆಗೆ ಈ ರಿಯಾಯಿತಿಯಿಲ್ಲ. 2021–22ರಿಂದ ಸಂಸ್ಥೆಯೇ ದಾನಿಗಳ ವಿವರವನ್ನು ಇಲಾಖೆಗೆ ಸಲ್ಲಿಸಿ ಪ್ರಮಾಣಪತ್ರ ನೀಡಬೇಕೆಂಬ ನಿಯಮ ಬಂದಿದ್ದು, ಬರಿಯ ರಸೀತಿಗೆ ಬೆಲೆಯಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವ ವರ್ತಕರಿಗಂತೂ ಈ ರಿಯಾಯಿತಿ ದೊರೆಯುವುದೇ ಇಲ್ಲ. ಕೊಟ್ಟದ್ದಕ್ಕಿಂತ ಹೆಚ್ಚಿನ ಮೊತ್ತಕ್ಕೆ ರಸೀತಿ ಬರೆದುಕೊಡುವೆನೆನ್ನುವವನ ಮಾತಿಗೆ ಒಪ್ಪಿದ ವರ್ತಕರು ವಂಚನೆಗೊಳಗಾದವರಲ್ಲ, ಅದರಲ್ಲಿ ಪಾಲುದಾರರು.

ಮೊಬೈಲ್ ಮೂಲಕ ಹಣ ಹೋಗಿದ್ದಲ್ಲಿ ಬ್ಯಾಂಕಿಗೂ 1930 ಸಹಾಯವಾಣಿಗೂ ಒಡನೆಯೇ ತಿಳಿಸಬೇಕು. ತಡವಾದಷ್ಟೂ ಹಣವು ಖಾತೆಯಿಂದ ಖಾತೆಗೆ ಸರಿದುಹೋಗುತ್ತದೆ. ನಗದು ಕೊಟ್ಟಿದ್ದರೆ ಠಾಣೆಗೆ ದೂರು ನೀಡಿ, ರಸೀತಿಯನ್ನು ಹರಿದೆಸೆಯದೆ ಇಟ್ಟುಕೊಳ್ಳಬೇಕು. ಅದರ ಪ್ರತಿಯೊಂದನ್ನು ಹೆಸರು ದುರುಪಯೋಗವಾದ ಸಂಸ್ಥೆಗೂ ಕಳುಹಿಸುವುದು ಒಳ್ಳೆಯದು. ತನ್ನ ಹೆಸರಿನಲ್ಲಿ ಪುಸ್ತಕವೊಂದು ಪೇಟೆಯಲ್ಲಿ ತಿರುಗುತ್ತಿದೆಯೆಂಬುದು ಆ ಸಂಸ್ಥೆಗೆ ತಿಳಿದೇ ಇರಲಾರದು.