ಎರಡು ದಿನ, ಒಂದೇ ಊರು, ನೂರಾರು ಕಾಲುವೆ

ಮೊಬೈಲ್ ತೆರೆದರೆ ಸಾಕು, ‘ಏಳು ದಿನದಲ್ಲಿ ಐದು ದೇಶ’ ಎನ್ನುವ ರೀಲ್ಸ್‌ಗಳ ಸುರಿಮಳೆ. ಬೆಳಿಗ್ಗೆ ಪ್ಯಾರಿಸ್, ಸಂಜೆ ಬ್ರಸೆಲ್ಸ್, ರಾತ್ರಿ ಬಸ್ಸಿನಲ್ಲಿ ನಿದ್ದೆ, ಮರುದಿನ ಇನ್ನೊಂದು ದೇಶದಲ್ಲಿ ಸೆಲ್ಫಿ. ನೋಡೋಕೇನೋ ಚೆಂದ. ಹಾಗೆ ಸುತ್ತಿ ಬಂದ ಸೀನಿಯರ್ ಒಬ್ಬರನ್ನು ‘ಬ್ರಸೆಲ್ಸ್ ಹೇಗಿತ್ತಣ್ಣಾ?’ ಎಂದು ಕೇಳಿದೆ. ‘ಬಸ್ ಸ್ಟ್ಯಾಂಡ್ ಚೆನ್ನಾಗಿತ್ತು’ ಎಂದರು!

ನಾನು ದಾವಣಗೆರೆ ಕಡೆಯವನು. ಸಿವಿಲ್ ಎಂಜಿನಿಯರಿಂಗ್ ಆರನೇ ಸೆಮಿಸ್ಟರ್. ಈ ಬೇಸಿಗೆಯಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್‌ಗೆಂದು ಜರ್ಮನಿಯ ಕೊಲೋನ್ ಸಮೀಪದ ವಿಶ್ವವಿದ್ಯಾಲಯವೊಂದಕ್ಕೆ ಹೊರಟಿದ್ದೇನೆ. ಅಲ್ಲಿ ಸಿಗುವ ವಾರಾಂತ್ಯಗಳಲ್ಲಿ ಒಂದನ್ನು ಮಾತ್ರ ಊರು ಸುತ್ತಲು ಇಟ್ಟುಕೊಂಡಿದ್ದೇನೆ. ಅದೂ ಒಂದೇ ಊರು: ನೆದರ್‌ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಂ. ಕೊಲೋನ್‌ನಿಂದ ರೈಲಿನಲ್ಲಿ ಸುಮಾರು ಮೂರು ಗಂಟೆ. ಹೆಚ್ಚುಕಡಿಮೆ ನಮ್ಮ ಬೆಂಗಳೂರು–ಮೈಸೂರು ರೈಲಿನಷ್ಟೇ.

ಹೀಗೆ ಯುರೋಪಿಗೆ ಓದಲು, ಇಂಟರ್ನ್‌ಶಿಪ್‌ಗೆ, ಕೆಲಸದ ಮೇಲೆ ಹೋಗುವವರು ಈಗ ನಮ್ಮ ಕಾಲೇಜುಗಳಲ್ಲೂ ಇದ್ದಾರೆ. ಅವರಿಗೆ ನೆರವಾಗಲಿ ಎಂದು ನನ್ನ ಎರಡು ದಿನದ ಯೋಜನೆಯನ್ನು ಇಲ್ಲಿ ಬಿಡಿಸಿಟ್ಟಿದ್ದೇನೆ.

ಚಾನಲ್ ನೋಡೋಕೆ ಅಷ್ಟು ದೂರವೇ?

ನಮ್ಮದು ಭದ್ರಾ ನಾಲೆಯ ಕೊನೆ ಭಾಗದ ಊರು. ನೀರು ಬಿಟ್ಟಿದ್ದಾರೆಂದು ಪೇಪರಿನಲ್ಲಿ ಓದಿ ಎಷ್ಟೋ ದಿನಗಳಾದ ಮೇಲೆ ನಮ್ಮ ಗದ್ದೆಗೆ ನೀರು ಬರುತ್ತದೆ. ಕೆಲವು ವರ್ಷ ಬರುವುದೇ ಇಲ್ಲ. ಹೀಗಿರುವಾಗ ಕಾಲುವೆಗಳ ಊರು ನೋಡಲು ಹೋಗುತ್ತೇನೆ ಎಂದರೆ ಅಪ್ಪ ಸುಮ್ಮನಿರುತ್ತಾರೆಯೇ? ‘ಚಾನಲ್ ನೋಡಾಕೆ ಅಷ್ಟು ದೂರ ಹೋಗ್ಬೇಕೇನಪ್ಪಾ? ನಮ್ಮ ಗದ್ದೆ ಪಕ್ಕದಾಗೇ ಐತಲ್ಲ’ ಎಂದರು. ಖರ್ಚು ಎಷ್ಟು ಎಂದು ಕೇಳಿದರು. ಎಲ್ಲಾ ಸೇರಿ 250 ಯೂರೋ, ಅಂದರೆ ಸುಮಾರು 25 ಸಾವಿರ ರೂಪಾಯಿ ಎಂದೆ. ‘ಒಂದು ಎಕರೆ ಭತ್ತ ಬೆಳೆಯೋ ಖರ್ಚು’ ಎಂದಷ್ಟೇ ಹೇಳಿ ಎದ್ದು ಹೋದರು.

ಆ ಮಾತು ನನ್ನ ಯೋಜನೆಯನ್ನೇ ಬದಲಿಸಿತು. ಹಣ ನನ್ನ ವಿದ್ಯಾರ್ಥಿವೇತನದಲ್ಲಿ ಉಳಿಸುವುದೇ ಆದರೂ, ಒಂದು ಎಕರೆ ಭತ್ತಕ್ಕೆ ಸಮನಾದದ್ದನ್ನು ನೋಡಿಯೇ ಬರಬೇಕು ಎನಿಸಿತು. ಅಂದಿನಿಂದ ಪಟ್ಟಿಯಲ್ಲಿದ್ದ ಪ್ರತಿ ಜಾಗಕ್ಕೂ ಒಂದೇ ಪ್ರಶ್ನೆ ಹಾಕಿದೆ: ಇದನ್ನು ನೋಡಿ ಬಂದು ಅಪ್ಪನಿಗೆ ಏನು ಹೇಳಬಹುದು?

ಮೊದಲು ಕಾಗದಪತ್ರ

ಜರ್ಮನಿಗೆ ಷೆಂಗೆನ್ ವೀಸಾ ಸಿಕ್ಕಿದ್ದರೆ ನೆದರ್‌ಲೆಂಡ್ಸ್‌ಗೆ ಬೇರೆ ವೀಸಾ ಬೇಕಿಲ್ಲ. ಹೆಚ್ಚು ದಿನ ಯಾವ ದೇಶದಲ್ಲಿ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. 15 ದಿನಕ್ಕಿಂತ ಕಡಿಮೆ ಉಳಿಸಿಕೊಳ್ಳುವಂತಿಲ್ಲ. ಶುಲ್ಕ 90 ಯೂರೋ. ಕನಿಷ್ಠ 30 ಸಾವಿರ ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ದೇಶದಿಂದ ದೇಶಕ್ಕೆ ರೈಲಿನಲ್ಲಿ ಹೋಗುವಾಗ ತಪಾಸಣೆ ಇರಬಹುದು. ಹಾಗಾಗಿ ಮೂಲ ಪಾಸ್‌ಪೋರ್ಟ್ ಜೊತೆಯಲ್ಲೇ ಇರಲಿ, ಮೊಬೈಲಿನ ಫೋಟೊ ಸಾಲದು.

ಮಂಗಳವಾರ ಮಧ್ಯಾಹ್ನ ಒಂದೂವರೆ

ಎಲ್ಲಕ್ಕಿಂತ ಮೊದಲು ಬುಕ್ ಮಾಡಬೇಕಾದದ್ದು ರೈಲೂ ಅಲ್ಲ, ರೂಮೂ ಅಲ್ಲ. ಆನ್ ಫ್ರಾಂಕ್ ಮನೆಯ ಟಿಕೆಟ್. ಪ್ರಿನ್ಸೆನ್‌ಗ್ರಾಕ್ಟ್ ಕಾಲುವೆಯ ದಡದ 263ನೇ ನಂಬರಿನ ಕಟ್ಟಡ ಅದು. ನಾಜಿಗಳಿಗೆ ಹೆದರಿ 1942ರ ಜುಲೈನಿಂದ 1944ರ ಆಗಸ್ಟ್‌ವರೆಗೆ ಎಂಟು ಮಂದಿ ಇಲ್ಲಿ ಅಡಗಿದ್ದರು. ಆನ್ ಎಂಬ ಹುಡುಗಿ ದಿನಚರಿ ಬರೆದದ್ದು ಇಲ್ಲಿಯೇ. ಬಾಗಿಲಲ್ಲಿ ಟಿಕೆಟ್ ಕೊಡುವುದಿಲ್ಲ, ಆನ್‌ಲೈನ್ ಮಾತ್ರ. ಪ್ರತಿ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ಆರು ವಾರ ಮುಂದಿನ ಟಿಕೆಟ್‌ಗಳನ್ನು ಬಿಡುತ್ತಾರೆ. ಬೇಗ ಖಾಲಿಯಾಗುತ್ತವೆ. ಬೇಸಿಗೆಯಲ್ಲಿ ಅಲ್ಲಿಯ ಹತ್ತು ಗಂಟೆ ಎಂದರೆ ನಮ್ಮ ಮಧ್ಯಾಹ್ನ ಒಂದೂವರೆ. ನಮ್ಮ ಕಾಲೇಜಿನ ಊಟದ ವಿರಾಮಕ್ಕೆ ಸರಿಯಾಗಿ! ಮೆಸ್ಸಿನ ಬೆಂಚಿನ ಮೇಲೆ ಕೂತು, ತತ್ಕಾಲ್ ಬುಕಿಂಗ್‌ನ ಅನುಭವವನ್ನೆಲ್ಲ ಸುರಿದು, ಜೂನ್ ತಿಂಗಳ ಒಂದು ಶನಿವಾರಕ್ಕೆ ಟಿಕೆಟ್ ಗಿಟ್ಟಿಸಿದೆ. ಉಳಿದ ಯೋಜನೆಯೆಲ್ಲ ಆ ಟಿಕೆಟ್ಟಿನ ಸಮಯದ ಸುತ್ತ ಹೆಣೆದದ್ದು.

ಜೇಬಿನ ಲೆಕ್ಕ

ಆಮ್‌ಸ್ಟರ್‌ಡ್ಯಾಂನಲ್ಲಿ ದುಬಾರಿಯಾದದ್ದು ರಾತ್ರಿ. ರೂಮಿನ ಬಾಡಿಗೆಯ ಮೇಲೆ ಶೇ 12.5ರಷ್ಟು ಪ್ರವಾಸಿ ತೆರಿಗೆ ಬೇರೆ. ಆದ್ದರಿಂದ ನಾನು ಮಲಗುವುದು ಹಾರ್ಲೆಮ್ ಎಂಬ ಪಕ್ಕದ ಊರಿನಲ್ಲಿ. ರೈಲಿನಲ್ಲಿ ಸುಮಾರು ಇಪ್ಪತ್ತು ನಿಮಿಷ. ಹಾಸ್ಟೆಲ್‌ಗೆ 60, ಮುಂಚಿತವಾಗಿ ಕಾಯ್ದಿರಿಸಿದ ರೈಲಿಗೆ ಹೋಗಿ ಬರಲು 70, ಎರಡು ಮ್ಯೂಸಿಯಂಗೆ 42, ಒಂದು ಗಂಟೆಯ ದೋಣಿಗೆ 18, ಊಟಕ್ಕೆ 30, ಸ್ಥಳೀಯ ಓಡಾಟಕ್ಕೆ 15 ಯೂರೋ ಎತ್ತಿಟ್ಟಿದ್ದೇನೆ. ಒಟ್ಟು 235. ಉಳಿದ 15 ಯೂರೋ ಆಪತ್ಕಾಲಕ್ಕೆ.

ಅಲ್ಲಿ ನಲ್ಲಿ ನೀರನ್ನೇ ಕುಡಿಯಬಹುದು, ಬಾಟಲಿ ಒಯ್ದರೆ ಸಾಕು. ಟ್ರಾಮ್, ರೈಲಿಗೆ ಬ್ಯಾಂಕ್ ಕಾರ್ಡನ್ನೇ ತಾಗಿಸಬಹುದು. ಹತ್ತುವಾಗಲೂ ತಾಗಿಸಬೇಕು, ಇಳಿಯುವಾಗಲೂ ತಾಗಿಸಬೇಕು. ಅಮ್ಮನ ಚಟ್ನಿಪುಡಿಗೆ ಜಾಗವಿದೆ; ಆದರೆ ಹಾಲಿನ ಸಿಹಿ, ಮಾಂಸದ ತಿನಿಸುಗಳನ್ನು ಭಾರತದಿಂದ ಒಯ್ಯುವಂತಿಲ್ಲ. ಪೇಡ ಇಲ್ಲೇ ತಿಂದು ಹೋಗಿ.

ಶನಿವಾರ: ಮರದ ಕಂಬಗಳ ಮೇಲೆ ನಿಂತ ಊರು

ಸೆಂಟ್ರಲ್ ಸ್ಟೇಷನ್‌ನಿಂದ ಹತ್ತು ನಿಮಿಷ ನಡೆದರೆ ಡ್ಯಾಮ್ ಚೌಕ. ಅಲ್ಲಿನ ಅರಮನೆ 17ನೇ ಶತಮಾನದಲ್ಲಿ ನಗರಸಭೆ ಕಟ್ಟಡವಾಗಿ ಎದ್ದದ್ದು. ಅದರ ಕೆಳಗಿರುವುದು 13,659 ಮರದ ಕಂಬಗಳು! ಅಲ್ಲಿನ ಮಕ್ಕಳು ವರ್ಷದ 365 ದಿನದ ಹಿಂದೆ ಒಂದು, ಮುಂದೆ ಒಂಬತ್ತು ಸೇರಿಸಿ ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುತ್ತಾರಂತೆ.

ಊರಿನ ನೆಲ ಕೆಸರು ಮತ್ತು ಜೌಗು. ಗಟ್ಟಿ ಮರಳಿನ ಪದರ ಸಿಗಬೇಕಾದರೆ ಸುಮಾರು 12 ಮೀಟರ್ ಕೆಳಗಿಳಿಯಬೇಕು. ಹಾಗಾಗಿ ಹಳೆಯ ಮನೆಗಳೆಲ್ಲ ಮರದ ಕಂಬಗಳ ಮೇಲೆಯೇ ನಿಂತಿವೆ. ಪೈಲ್ ಫೌಂಡೇಶನ್ ಬಗ್ಗೆ ಹತ್ತು ಅಂಕದ ಉತ್ತರ ಬರೆಯುವ ನಮಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೇ? ಮರ ನೀರಿನಲ್ಲಿ ಪೂರ್ತಿ ಮುಳುಗಿದ್ದರೆ ಗಾಳಿಯಾಡದೆ ನೂರಾರು ವರ್ಷ ಉಳಿಯುತ್ತದೆ. ನೀರು ಇಳಿದು ಕಂಬದ ತಲೆ ಗಾಳಿಗೆ ಬಿತ್ತೋ, ಕೊಳೆಯಲು ಶುರು. ಅಂದರೆ ಇಲ್ಲಿ ನೀರು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ.

ಅಲ್ಲಿಂದ ಪಶ್ಚಿಮಕ್ಕೆ ನಡೆದರೆ ಒಂದರ ಹಿಂದೊಂದು ಹೇರನ್‌ಗ್ರಾಕ್ಟ್, ಕೈಸರ್ಸ್‌ಗ್ರಾಕ್ಟ್, ಪ್ರಿನ್ಸೆನ್‌ಗ್ರಾಕ್ಟ್. 1613ರಿಂದ ತೋಡಲು ಶುರುಮಾಡಿದ ಈ ಅರ್ಧಚಂದ್ರಾಕಾರದ ಕಾಲುವೆಗಳಿಗೆ 2010ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ದಡದ ಮನೆಗಳ ನೆತ್ತಿಯಲ್ಲಿ ಕೊಕ್ಕೆ ಹಾಕಿದ ತೊಲೆಯೊಂದು ಹೊರಚಾಚಿರುತ್ತದೆ. ಮೆಟ್ಟಿಲು ಅಷ್ಟು ಕಿರಿದು. ಸಾಮಾನನ್ನೆಲ್ಲ ಹಗ್ಗದಲ್ಲಿ ಎಳೆದು ಕಿಟಕಿಯಿಂದಲೇ ಒಳಗೆ ತೆಗೆದುಕೊಳ್ಳುತ್ತಾರೆ.

ಮಧ್ಯಾಹ್ನ ಆನ್ ಫ್ರಾಂಕ್ ಮನೆ, ಆಮೇಲೆ ದೋಣಿ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಸಂಜೆಯ ಆ ಉದ್ದನೆಯ ಬೆಳಕು ಪುಕ್ಕಟೆ. ರೆಗುಲಿಯರ್ಸ್‌ಗ್ರಾಕ್ಟ್‌ನ ಮೂಲೆಯಲ್ಲಿ ನಿಂತರೆ ಏಳು ಸೇತುವೆಗಳು ಒಂದೇ ಸಾಲಿನಲ್ಲಿ ಕಾಣುತ್ತವೆ. ಒಂದೇ ಎಚ್ಚರಿಕೆ: ಫೋಟೊ ತೆಗೆಯುವ ಭರದಲ್ಲಿ ಸೈಕಲ್ ದಾರಿಯಲ್ಲಿ ನಿಲ್ಲಬೇಡಿ. ಅಲ್ಲಿ ಸೈಕಲ್ಲೇ ರಾಜ.

ಭಾನುವಾರ: ಅಪ್ಪನಿಗೆ ಉತ್ತರ

ಬೆಳಿಗ್ಗೆ ಒಂಬತ್ತಕ್ಕೆ ರೈಕ್ಸ್‌ಮ್ಯೂಸಿಯಂ ಬಾಗಿಲು ತೆರೆಯುತ್ತದೆ. ಜನ ಸೇರುವ ಮೊದಲೇ ರೆಂಬ್ರಾಂಟ್ 1642ರಲ್ಲಿ ಮುಗಿಸಿದ ‘ನೈಟ್ ವಾಚ್’ ಮುಂದೆ ನಿಲ್ಲುವುದು ನನ್ನ ಆಸೆ. ವ್ಯಾನ್ ಗೋ ಮ್ಯೂಸಿಯಂ ಪಕ್ಕದಲ್ಲೇ ಇದ್ದರೂ ಬಿಟ್ಟಿದ್ದೇನೆ. ಎರಡು ದಿನಕ್ಕೆ ಎರಡು ಮ್ಯೂಸಿಯಂ ಸಾಕು. ಮೂರನೆಯದಕ್ಕೆ ಹೋದರೆ ನೋಡುವುದು ಚಿತ್ರಗಳನ್ನಲ್ಲ, ಕೂರಲು ಬೆಂಚನ್ನು.

ಆಮೇಲೆ ನಾನು ಹೋಗುವುದು ಪ್ರವಾಸಿಗರು ಅಷ್ಟಾಗಿ ಹುಡುಕದ ಜಾಗಕ್ಕೆ. ಸ್ಟೊಪೆರಾ ಎಂಬ ನಗರಸಭೆ ಕಟ್ಟಡದೊಳಗೆ ನೀರು ತುಂಬಿದ ಗಾಜಿನ ಮೂರು ಕೊಳವೆಗಳಿವೆ. ಎರಡು ಕೊಳವೆ ಸಮುದ್ರದ ಈ ಕ್ಷಣದ ಮಟ್ಟ ತೋರಿಸುತ್ತವೆ. ಮೂರನೆಯದು 1953ರ ಪ್ರವಾಹದ ಮಟ್ಟ, 4.55 ಮೀಟರ್. ನಮ್ಮ ತಲೆಗಿಂತ ಎಷ್ಟೋ ಮೇಲೆ! ಊರಿನ ಕಾಲುವೆಗಳ ನೀರನ್ನು ಅಲ್ಲಿನ ಅಳತೆಯ ಸೊನ್ನೆ ಗುರುತಿಗಿಂತ 40 ಸೆಂಟಿಮೀಟರ್ ಕೆಳಗೆ ಹಿಡಿದಿಡುತ್ತಾರೆ. ತೂಬು, ಪಂಪುಗಳ ನಿತ್ಯದ ಕೆಲಸ ಅದು.

ಇದನ್ನೆಲ್ಲ ನೋಡಿಕೊಳ್ಳುವವರು ಯಾರು? ಆ ದೇಶದಲ್ಲಿ ನೀರಿನದೇ 21 ಮಂಡಳಿಗಳಿವೆ. ಇವುಗಳ ಬೇರು 13ನೇ ಶತಮಾನದಷ್ಟು ಹಳೆಯದು. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ನಡೆದು, ಸದಸ್ಯರಲ್ಲಿ ಹೆಚ್ಚಿನವರನ್ನು ಜನರೇ ಆರಿಸುತ್ತಾರೆ. ಅಲ್ಲಿಯೂ ಎಲ್ಲವೂ ಸಸೂತ್ರವಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಗ್ರಿಂಬರ್ಗ್‌ವಾಲ್ ಕಾಲುವೆಯ ದಡದ ಗೋಡೆ ಕುಸಿದು ಬಿತ್ತು. ಹಳೆಯ ಗೋಡೆ, ಸೇತುವೆಗಳನ್ನು ಈಗ ಒಂದೊಂದಾಗಿ ದುರಸ್ತಿ ಮಾಡುತ್ತಿದ್ದಾರೆ. ಆ ಕಾಮಗಾರಿ ನಡೆಯುವ ಒಂದು ಜಾಗವನ್ನಾದರೂ ಹುಡುಕಿ ನೋಡಬೇಕು.

ನೀರಿನ ಮಂಡಳಿಗೆ ವೋಟು ಹಾಕುವ ಸಂಗತಿ ಹೇಳಿದಾಗ ಅಪ್ಪ ಮೊದಲ ಸಲ ಕುತೂಹಲದಿಂದ ಕೇಳಿದರು: ‘ಹಂಗಾದ್ರೆ ಕೊನೆ ಮನೆಯವ್ನಿಗೂ ಒಂದೇ ವೋಟಾ?’ ಹೌದೆಂದೆ. ‘ಸರಿಯಾಗಿ ತಿಳ್ಕೊಂಡು ಬಾ’ ಎಂದರು. ನನ್ನ ಪ್ರವಾಸಕ್ಕೆ ಸಿಕ್ಕ ಅಸಲಿ ವೀಸಾ ಅದು.

ಸಂಜೆ ಸ್ಟೇಷನ್ ಹಿಂಭಾಗದಿಂದ ಐ ಎಂಬ ಜಲಮಾರ್ಗ ದಾಟಿಸುವ ಉಚಿತ ದೋಣಿಯಲ್ಲಿ ಒಮ್ಮೆ ಹೋಗಿ ಬಂದು ರೈಲು ಹತ್ತುತ್ತೇನೆ. ಸೋಮವಾರ ಬೆಳಿಗ್ಗೆ ಲ್ಯಾಬ್‌ನಲ್ಲಿರಬೇಕಲ್ಲ!

ನೀವೂ ಎಲ್ಲಿಗಾದರೂ ಹೊರಡುವುದಿದ್ದರೆ ಜಾಗಗಳ ಪಟ್ಟಿ ಮಾಡುವ ಮೊದಲು ಪ್ರಶ್ನೆಗಳ ಪಟ್ಟಿ ಮಾಡಿ. ನಿಮ್ಮ ಓದಿಗೆ, ನಿಮ್ಮ ಊರಿಗೆ, ನಿಮ್ಮ ಮನೆಯವರಿಗೆ ಬೇಕಾದ ಒಂದು ಉತ್ತರ ಅಲ್ಲಿ ಸಿಗುವಂತಿದ್ದರೆ ಎರಡೇ ದಿನ ಧಾರಾಳ. ಇಲ್ಲದಿದ್ದರೆ ಐದು ದೇಶ ಸುತ್ತಿದರೂ ನೆನಪಿನಲ್ಲಿ ಉಳಿಯುವುದು ಬಸ್ ಸ್ಟ್ಯಾಂಡ್ ಮಾತ್ರ.