ತೊರೆಗೆನೆ ಖಾತೂನ್: ಚರಿತ್ರಕಾರರ ತೀರ್ಪು ಮತ್ತು ಶಾಸನದ ಸಾಕ್ಷ್ಯ

ಮಂಗೋಲ್ ಸಾಮ್ರಾಟ ಒಗೆದೆಯ್ 1241ರ ಡಿಸೆಂಬರಿನಲ್ಲಿ ಮೃತನಾದನು. ಅದೇ ತಿಂಗಳು ಅವನ ಸೇನೆ ಲಾಹೋರನ್ನು ಸೂರೆಗೊಂಡಿತ್ತು. 1242ರ ವಸಂತದ ವೇಳೆಗೆ ಆ ವಿಸ್ತಾರವಾದ ಸಾಮ್ರಾಜ್ಯದ ಸೂತ್ರಗಳು ಅವನ ಪತ್ನಿ ತೊರೆಗೆನೆ ಖಾತೂನಳ ಕೈಗೆ ಬಂದವು. 1246ರ ಆಗಸ್ಟಿನವರೆಗೆ ಅವಳೇ ರಾಜಪ್ರತಿನಿಧಿಯಾಗಿದ್ದಳು. ಈ ಅವಧಿಯನ್ನು ಒಳಸಂಚು ಹಾಗೂ ಅವ್ಯವಸ್ಥೆಗಳ ಕಾಲವೆಂದು ಬಣ್ಣಿಸುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ಈ ತೀರ್ಪು ಯಾರದು, ಯಾವಾಗ ಬರೆದದ್ದು ಎಂಬುದನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಚೀನೀ ದಾಖಲೆಗಳು ತೊರೆಗೆನೆಯನ್ನು ನೈಮನ್ ಕುಲದವಳೆಂದು ಹೇಳುತ್ತವೆ. 'ಮಂಗೋಲರ ರಹಸ್ಯ ಇತಿಹಾಸ'ದ ಪ್ರಕಾರ ಅವಳು ಮೊದಲು ಮೆರ್ಕಿತ್ ನಾಯಕನ ಮನೆತನದ ಸೊಸೆ. 1204ರಲ್ಲಿ ಮೆರ್ಕಿತರು ಸೋತಾಗ ಚಂಗೀಸ್ ಖಾನನು ಅವಳನ್ನು ತನ್ನ ಮಗ ಒಗೆದೆಯ್‌ಗೆ ಒಪ್ಪಿಸಿದನು. ಹೀಗೆ ಸೆರೆಯಾಳಾಗಿ ಬಂದವಳು ಗುಯುಕ್ ಮೊದಲಾದ ಐವರು ಪುತ್ರರ ತಾಯಿಯಾದಳು.

ಒಗೆದೆಯ್‌ಗೆ ಮೊಮ್ಮಗ ಶಿರೆಮುನ್ ಪಟ್ಟವೇರಬೇಕೆಂಬ ಇಚ್ಛೆಯಿತ್ತು. ತೊರೆಗೆನೆ ಹಿರಿಯ ಮಗ ಗುಯುಕನ ಪಕ್ಷ ವಹಿಸಿದಳು. ಮಂತ್ರಿ ಚಿಂಕಾಯ್, ಚೀನೀ ಪ್ರಾಂತದ ಆಡಳಿತಗಾರ ಮಹಮೂದ್ ಯಲವಾಚ್ ಇವರನ್ನು ಪದಚ್ಯುತಗೊಳಿಸಿದಳು. ಅವರಿಬ್ಬರೂ ಅವಳ ಇನ್ನೊಬ್ಬ ಮಗ ಕೋತೆನನ ಆಶ್ರಯ ಪಡೆದರು. ತಾಯಿ ಕೇಳಿದರೂ ಕೋತೆನ್ ಅವರನ್ನು ಒಪ್ಪಿಸಲಿಲ್ಲ. ಖುರಾಸಾನಿನಲ್ಲಿ ಕೋರ್ಗುಜನ ಸ್ಥಾನಕ್ಕೆ ಅರ್ಘುನ್ ಅಕಾ ನೇಮಕಗೊಂಡನು. ಚಂಗೀಸನ ತಮ್ಮ ತೆಮುಗೆ ಸೇನೆಯೊಡನೆ ರಾಜಧಾನಿಯತ್ತ ಬಂದಾಗ, ಅವಳ ಸಂದೇಶವೂ ಗುಯುಕ್ ಮರಳಿ ಬರುತ್ತಿರುವ ವಾರ್ತೆಯೂ ತಲುಪಿ ಅವನು ಹಿಂದೆಗೆದನು.

ಈ ವೃತ್ತಾಂತದ ಬಹುಭಾಗ ದೊರೆಯುವುದು ಪಾರಸೀ ಚರಿತ್ರಕಾರ ಜುವೈನಿಯಿಂದ. ಅವಳು ಚತುರೆ, ಸಮರ್ಥೆ ಎಂದು ಒಪ್ಪುವ ಅವನೇ, ಅವಳ ಆಪ್ತಸಲಹೆಗಾರ್ತಿ ಫಾತಿಮಾ ಎಂಬ ಸೆರೆಯಾಳಿನ ಪ್ರಭಾವವನ್ನು ಎತ್ತಿ ಹೇಳಿ ಆಳ್ವಿಕೆಯನ್ನೇ ಖಂಡಿಸುತ್ತಾನೆ. ಆದರೆ ಜುವೈನಿ ಬರೆಯಲು ತೊಡಗಿದ್ದು 1251ರ ಅನಂತರ. ಆ ವರ್ಷ ಪಟ್ಟವು ಒಗೆದೆಯ್ ವಂಶದಿಂದ ತೊಲುಯ್ ವಂಶಕ್ಕೆ ದಾಟಿ, ಸೊರ್ಘಾಘ್ತಾನಿ ಬೇಕಿಯ ಮಗ ಮೋಂಗ್ಕೆ ಸಾಮ್ರಾಟನಾಗಿದ್ದನು. ಜುವೈನಿ ಸೇವೆ ಸಲ್ಲಿಸಿದ ಹುಲೆಗು ಕೂಡ ಅವಳ ಮಗನೇ. ಮಗನನ್ನು ಪಟ್ಟಕ್ಕೇರಿಸಲು ಶ್ರಮಿಸಿದ ಇಬ್ಬರು ತಾಯಂದಿರಲ್ಲಿ ಸೊರ್ಘಾಘ್ತಾನಿ ಆದರ್ಶ ಮಾತೆಯಾಗಿ, ತೊರೆಗೆನೆ ಕುಟಿಲೆಯಾಗಿ ಚಿತ್ರಿತರಾದುದರ ಹಿನ್ನೆಲೆ ಇದು. ತೊರೆಗೆನೆ ನೇಮಿಸಿದ ಅರ್ಘುನ್ ಅಕಾ ಮೋಂಗ್ಕೆಯ ಕಾಲದಲ್ಲಿಯೂ ಅಧಿಕಾರದಲ್ಲಿ ಮುಂದುವರಿದನೆಂಬುದೂ, ಜುವೈನಿಯೇ ಅವನ ಕೈಕೆಳಗೆ ಕಾರ್ಯದರ್ಶಿಯಾಗಿದ್ದನೆಂಬುದೂ ಗಮನಾರ್ಹ. ಅವಳ ಆಯ್ಕೆಗಳೆಲ್ಲ ಅವಿವೇಕದವಾಗಿರಲಿಲ್ಲ.

ಕಾವ್ಯವನ್ನೂ ಶಾಸನವನ್ನೂ ಎದುರುಬದುರಾಗಿಟ್ಟು ಓದುವುದು ಕನ್ನಡ ಸಂಶೋಧಕರಿಗೆ ಪರಿಚಿತವಾದ ಕ್ರಮ. ಇಲ್ಲಿಯೂ ಅದು ಫಲಕಾರಿ. ಚೀನದ ಜಿಯುವಾನ್‌ನಲ್ಲಿರುವ 1240ರ ಶಿಲಾಶಾಸನವು ತಾವೋ ಮತದ ಧರ್ಮಗ್ರಂಥಗಳ ಮುದ್ರಣಕ್ಕೆ ರಕ್ಷಣೆ ನೀಡುವ ರಾಜಾಜ್ಞೆ. ಅದನ್ನು ಹೊರಡಿಸಿದವಳು ತೊರೆಗೆನೆ. ಚೀನೀ ಪಾಠದೊಡನೆ ಮಂಗೋಲ್ ಸಾಲುಗಳೂ ಅದರಲ್ಲಿವೆ. ಆಗ ಒಗೆದೆಯ್ ಬದುಕಿದ್ದನು. ಎಂದಮೇಲೆ ಅವಳ ಅಧಿಕಾರ ಪತಿಯ ಮರಣದ ಬಳಿಕ ಕಸಿದುಕೊಂಡದ್ದಲ್ಲ, ಮೊದಲೇ ಮಾನ್ಯವಾಗಿದ್ದುದು. ಹಿಜರಿ 642ರ (1244–45) ಬೆಳ್ಳಿ ನಾಣ್ಯಗಳಲ್ಲಿ ಕುದುರೆಯೇರಿದ ಬಿಲ್ಲುಗಾರನ ಚಿತ್ರವಿದೆ. ಅರಸನ ಹೆಸರಿಲ್ಲ, ಮಹಾ ಮಂಗೋಲ್ ರಾಜ್ಯದ ಬೇಗ್ ಎಂಬ ಬಿರುದು ಮಾತ್ರ ಇದೆ. ನಾಣ್ಯತಜ್ಞರು ಇವನ್ನು ಅವಳ ಆಳ್ವಿಕೆಗೆ ಸೇರಿಸುತ್ತಾರೆ.

1246ರ ಆಗಸ್ಟ್ 24ರಂದು ಗುಯುಕ್ ಸಿಂಹಾಸನವೇರಿದಾಗ ಪೋಪ್ ನಾಲ್ಕನೆಯ ಇನ್ನೊಸೆಂಟನ ದೂತ ಕಾರ್ಪಿನಿ ಅಲ್ಲಿದ್ದನು. ತನಗೂ ಸಂಗಡಿಗನಿಗೂ ರಾಜಮಾತೆ ನರಿಚರ್ಮದ ನಿಲುವಂಗಿ ಕೊಟ್ಟಳೆಂದು ಅವನು ಬರೆಯುತ್ತಾನೆ. ರಷ್ಯದ ಯಾರೊಸ್ಲಾವನಿಗೆ ಅವಳೇ ವಿಷವಿಕ್ಕಿದಳೆಂಬ ಶಂಕೆಯನ್ನೂ ದಾಖಲಿಸುತ್ತಾನೆ. ಪಟ್ಟವೇರಿದ ಮಗ ತಾಯಿ ತೆಗೆದುಹಾಕಿದ್ದ ಮಂತ್ರಿಗಳನ್ನು ಮರಳಿ ಕರೆದನು. ಕೋತೆನನ ಅಸ್ವಸ್ಥತೆಗೆ ಮಾಟವೇ ಕಾರಣವೆಂಬ ಆರೋಪದ ಮೇಲೆ ಫಾತಿಮಾಳನ್ನು ಕೊಲ್ಲಿಸಲಾಯಿತು. ಕೆಲವೇ ತಿಂಗಳಲ್ಲಿ ತೊರೆಗೆನೆಯೂ ತೀರಿಕೊಂಡಳು.

ಅವಳು ನಿರ್ದೋಷಿಯೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಗೆದ್ದ ವಂಶದ ಆಶ್ರಯದಲ್ಲಿ ರಚಿತವಾದ ಗ್ರಂಥವೊಂದನ್ನೇ ಪ್ರಮಾಣವೆಂದು ಹಿಡಿದರೆ 1240ರ ಶಿಲೆ ನುಡಿಯುವ ಮಾತು ನಮಗೆ ಕೇಳಿಸದೆಹೋಗುತ್ತದೆ.